ಮೊದಲು ಏಳುವವರು

ನಾನು ಕುದೂರಿನಿಂದ ರಾಮನಗರಕ್ಕೆ ಬಂದಾಗ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದೆ. ಈಗ ರೇಷ್ಮೆ ನೂಲಿನ ದಲ್ಲಾಳಿ. ಇಷ್ಟಾದದ್ದು ಓದಿನಿಂದಲ್ಲ, ಮಾತಿನಿಂದ. ಜಗಳಕ್ಕೆ ನಿಂತ ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಮನೆಗೆ ಹೋಗುವ ಹಾಗೆ ಮಾಡುವುದು ನನ್ನ ಕಸುಬು. ಆ ಮಾತು ಒಂದು ದಿನ ಕೈತಪ್ಪಿ ಎಲ್ಲಿಗೋ ಹೋಯಿತು. ಅದನ್ನೇ ಬರೆಯುತ್ತಿದ್ದೇನೆ.

ನೂಲಿನ ಬೆಲೆ ಬಿದ್ದಾಗ ನಮ್ಮ ರೀಲರುಗಳು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವವರು, ರಸ್ತೆಯಲ್ಲಿ ಕೂರುತ್ತಾರೆ. ಕೂರುವುದಕ್ಕೂ ಒಂದು ರೀತಿ ಇತ್ತು. ಹಿಂದಿನ ದಿನವೇ ನಾನು ಪೊಲೀಸ್ ಠಾಣೆಗೆ ಹೋಗುತ್ತಿದ್ದೆ. ನಾನು ಒಂದು ಗಂಟೆ ಕೇಳಿದರೆ ಅವರು ಹತ್ತು ನಿಮಿಷ ಅನ್ನುವರು. ಕೊನೆಗೆ ಇಪ್ಪತ್ತಕ್ಕೆ ಕುದುರುತ್ತಿತ್ತು. ಆಂಬುಲೆನ್ಸಿಗೆ ಒಂದು ಬದಿ ಬಿಡಬೇಕು, ಅಧಿಕಾರಿಯೊಬ್ಬರು ಬಂದು ಮನವಿ ತೆಗೆದುಕೊಳ್ಳಬೇಕು, ಆಮೇಲೆ ನಾವು ಏಳಬೇಕು. ಇದ್ಯಾವುದೂ ಕಾಗದದ ಮೇಲೆ ಇರುತ್ತಿರಲಿಲ್ಲ.

ಕೂರುವುದಕ್ಕಿಂತ ಏಳುವುದು ಕಷ್ಟ. ಜನಕ್ಕೆ ಕಾವು ಏರಿರುತ್ತದೆ, ಮೊದಲು ಎದ್ದವನು ಪುಕ್ಕಲ ಅನ್ನಿಸಿಕೊಳ್ಳುತ್ತಾನೆ. ಅದಕ್ಕೇ ನಮಗೆ ಚಾಚಾ ಬೇಕಾಗಿತ್ತು. ರೀಲರುಗಳಲ್ಲೆಲ್ಲ ಹಿರಿಯರು, ಎಪ್ಪತ್ತು ದಾಟಿದವರು, ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳಿನ ಗೆರೆಗಳೆಲ್ಲ ಸವೆದುಹೋದವರು. ಮೊದಲು ಕೂರುತ್ತಿದ್ದವರೂ ಅವರೇ, ಮೊದಲು ಏಳುತ್ತಿದ್ದವರೂ ಅವರೇ. ಹೊತ್ತಾಯಿತೆಂದಾಗ ನಾನು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದೆ. ಚಾಚಾ ಮಂಡಿನೋವಿಗೆ ಅಂಗೈಯನ್ನು ನೆಲಕ್ಕೂರಿ, ಮೆಲ್ಲಗೆ ಎದ್ದು, ಬಟ್ಟೆ ಕೊಡವಿಕೊಳ್ಳುತ್ತಿದ್ದರು. ಹಿಂದೆಯೇ ಇಡೀ ರಸ್ತೆ ಏಳುತ್ತಿತ್ತು. ಅವರು ಎದ್ದರೆ ಯಾರಿಗೂ ಅವಮಾನವಿಲ್ಲ. ಹೊರಗಿನವರ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ.

ತೋರಿಸಿಕೊಟ್ಟವನು ನಾನು. ಪ್ರತಿಭಟನೆಗಳಿಗೆ ಕಟ್ಟುಪಾಡು ತರುವ ಮಸೂದೆಯೊಂದು ಸದನಕ್ಕೆ ಬರುವುದಿತ್ತು. ಅದರ ಮೇಲೆ ಮಾತಾಡಬೇಕಿದ್ದ ಶಾಸಕರೊಬ್ಬರು ನನಗೆ ಹೇಳಿಕಳುಹಿಸಿದರು. ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ಅರ್ಜಿ ಹಿಡಿದ ಜನ ತುಂಬಿದ್ದರು. ಅವರನ್ನೆಲ್ಲ ದಾಟಿಸಿ ನನ್ನನ್ನು ಒಳಗೆ ಕರೆದು, ಇಡ್ಲಿ ಹಾಕಿಸಿ, ಎದುರಿಗೆ ಕೂರಿಸಿಕೊಂಡರು. ಯಾವ ಗಲಾಟೆಯೂ ಇಲ್ಲದೆ ಅಷ್ಟು ಜನರನ್ನು ಹೇಗೆ ಎಬ್ಬಿಸುತ್ತೀಯಪ್ಪ ಎಂದು ಕೇಳಿದರು. ಅಂಥವರು ಕೇಳಿದರೆ ಯಾರಿಗೆ ಹಿಗ್ಗಾಗುವುದಿಲ್ಲ? ಇಪ್ಪತ್ತು ನಿಮಿಷದ್ದು, ಟವಲಿನದ್ದು, ಚಾಚಾ ಅಂಗೈ ಊರುವುದು, ಎಲ್ಲ ಹೇಳಿದೆ.

"ಒಬ್ಬರು ಎದ್ದರೆ ಮುಗೀತಣ್ಣ. ಮಿಕ್ಕೋರು ತಾವೇ ಏಳ್ತಾರೆ," ಅಂದೆ.

ಅವರು ಅದನ್ನು ಬರೆದುಕೊಂಡರು. ದೊಡ್ಡವರು ನಿಮ್ಮ ಮಾತನ್ನು ಬರೆದುಕೊಳ್ಳಲು ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿಬಿಡಿ. ನಾನು ಇನ್ನೆರಡು ಇಡ್ಲಿ ತಿಂದೆ.

ಚರ್ಚೆಯ ದಿನ ಚಾಚಾ ಅವರ ಶೆಡ್ಡಿನಲ್ಲಿ ನಾಲ್ಕೈದು ಜನ ನನ್ನ ಫೋನಿಗೆ ಮುಖ ಒಡ್ಡಿ ಕೂತಿದ್ದೆವು. ಶಾಸಕರು ಚೆನ್ನಾಗಿಯೇ ಮಾತಾಡಿದರು. ಪ್ರತಿಭಟನೆ ಜನರ ಹಕ್ಕು, ಅದನ್ನು ತಡೆಯಬಾರದು, ಲಾಠಿ ಎತ್ತಬಾರದು ಅಂದರು. ನಮ್ಮ ಕಡೆಯ ರೇಷ್ಮೆಯವರನ್ನು ನೋಡಿ ಕಲಿಯಿರಿ ಎಂದಾಗ ಇವು ನನ್ನ ಮಾತು ಕಣ್ರೋ ಎಂದು ನಾನು ಎದೆ ತಟ್ಟಿಕೊಂಡೆ. ಅಷ್ಟರಲ್ಲಿ ಅವರು ಕನ್ನಡಕ ಸರಿಮಾಡಿಕೊಂಡು ಚೀಟಿ ನೋಡಿದರು.

"ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ ಅಧ್ಯಕ್ಷರೇ. ಅವನು ಎದ್ದರೆ ಎಲ್ಲರೂ ಏಳುತ್ತಾರೆ. ಆ ಒಬ್ಬ ಯಾರೆಂದು ಸರ್ಕಾರಕ್ಕೆ ಗೊತ್ತಿರಬೇಕು. ಏನೇ ಆದರೂ ಹೊಣೆ ಅವನದಾಗಬೇಕು."

ಫೋನಿನಲ್ಲಿ ಮೇಜು ಕುಟ್ಟುವ ಸದ್ದು ಬಂತು. ಚಾಚಾ ಬಾಣಲೆಯಲ್ಲಿ ತೇಲುತ್ತಿದ್ದ ಗೂಡುಗಳನ್ನು ಜಾಲರಿಯಿಂದ ಒತ್ತುತ್ತಾ ಕೇಳಿದರು: "ನನ್ನ ಮಂಡಿನೋವಿನ ವಿಷ್ಯಾನೂ ಹೇಳ್ದ್ಯೇನಪ್ಪಾ ಅವರಿಗೆ? ಒಸಿ ಎಣ್ಣೆನಾದ್ರೂ ಕಳಿಸ್ತಿದ್ರು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ದಿನದಿಂದ ರೀಲರುಗಳು ನನ್ನೆದುರು ಮಾತನ್ನು ಅರ್ಧಕ್ಕೆ ನಿಲ್ಲಿಸತೊಡಗಿದರು.

ಮಸೂದೆ ಇನ್ನೂ ಸಮಿತಿಯ ಮುಂದಿದ್ದಾಗಲೇ ಮತ್ತೆ ಬೆಲೆ ಬಿತ್ತು. ರಸ್ತೆಯಲ್ಲಿ ಕೂರುವುದೆಂದು ತೀರ್ಮಾನವಾಯಿತು. ನಾನು ಠಾಣೆಗೆ ಹೋದೆ. ಇನ್ಸ್‌ಪೆಕ್ಟರು ಹೊಸಬರು. ರೂಢಿಯಂತೆ ಒಂದು ಗಂಟೆ ಕೇಳಿದೆ. ಆಯ್ತು ಅಂದರು. ಅಧಿಕಾರಿ ಬರಬೇಕು ಅಂದೆ. ಅದಕ್ಕೂ ಆಯ್ತು ಅಂದರು. ಚೌಕಾಸಿ ಮಾಡದೆ ಒಪ್ಪುವವನಿಗೆ ಬೇಕಾದದ್ದು ಬೇರೆ ಏನೋ ಇರುತ್ತದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಕಲಿತದ್ದು ಅದೊಂದೇ. ಬಾಗಿಲ ತನಕ ಬಂದಾಗ ಹಿಂದಿನಿಂದ ಹೇಳಿದರು: "ನಮ್ಮೋನೊಬ್ಬ ವಿಡಿಯೋ ಮಾಡ್ಕೋತಾನೆ. ಅಷ್ಟೇ."

ಅಲ್ಲಿಂದ ನೇರ ಚಾಚಾ ಮನೆಗೆ ಹೋದೆ. ನಾಳೆ ಜ್ವರ ಅಂತ ಮಲಗಿಬಿಡಿ, ಇಲ್ಲವೇ ಸಾತನೂರಿನ ಮಗಳ ಮನೆಗೆ ಹೋಗಿಬಿಡಿ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ.

"ನಾನು ಬರ್ದಿದ್ರೆ ಅವರನ್ನ ಎಬ್ಸೋರ್ಯಾರು? ನೀನಾ?"



ಮರುದಿನ ಹನ್ನೊಂದಕ್ಕೆ ಕೂತೆವು. ಜೀಪಿನ ಪಕ್ಕದಲ್ಲಿ ಒಬ್ಬ ಪೇದೆ ಕ್ಯಾಮೆರಾ ಹಿಡಿದು ನಿಂತಿದ್ದ. ಘೋಷಣೆ ಕೂಗಿದವರ ಕಡೆ ಅವನು ತಿರುಗಲಿಲ್ಲ. ಟೈರಿಗೆ ಬೆಂಕಿ ಹಚ್ಚಲು ಹೋದವನನ್ನು ನಮ್ಮವರೇ ಎಳೆದು ತಂದರು, ಆಗಲೂ ತಿರುಗಲಿಲ್ಲ. ಸುಮ್ಮನೆ ಕಾಯುತ್ತಿದ್ದ. ಅಧಿಕಾರಿ ಬಂದು ಮನವಿ ತೆಗೆದುಕೊಂಡು ಹೊರಟರು. ಎರಡೂ ಬದಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಮಾತಾಡಿದ ಗಂಟೆ ಮುಗಿಯಿತು. ನಾನು ಟವಲಿಗೆ ಕೈ ಹಾಕಲಿಲ್ಲ. ಲಾಠಿ ಹಿಡಿದವರು ಸಾಲಾಗಿ ಎರಡು ಹೆಜ್ಜೆ ಮುಂದೆ ಬಂದರು.

ಚಾಚಾ ಅಂಗೈ ನೆಲದತ್ತ ಇಳಿಯುತ್ತಿರುವುದು ಕಂಡಿತು. ಅವರಿಗಿಂತ ಮೊದಲು ನಾನೇ ಎದ್ದುಬಿಟ್ಟೆ. "ಏಳ್ರಪ್ಪಾ, ಮುಗೀತು," ಎಂದೆ. ಕ್ಯಾಮೆರಾ ನನ್ನ ಕಡೆ ತಿರುಗಿತು. ನೋಡಿಕೊಳ್ಳಲಿ, ಹೊಣೆ ನನ್ನದೇ ಎಂದು ಬರೆದುಕೊಳ್ಳಲಿ ಎಂದು ಎದೆ ಸೆಟೆಸಿ ನಿಂತೆ.

ಒಬ್ಬರೂ ಏಳಲಿಲ್ಲ. ನೂರಾರು ಜನರ ನಡುವೆ ನಾನೊಬ್ಬನೇ ನಿಂತಿದ್ದೆ. "ಕೂತ್ಕೊಳ್ಲಾ ದಲ್ಲಾಳಿ," ಎಂದು ಯಾರೋ ಹಿಂದಿನಿಂದ ಅಂದರು. ಲಾಠಿಯ ಸಾಲು ಇನ್ನೊಂದು ಹೆಜ್ಜೆ ಇಟ್ಟಿತು.

ಆಗ ಚಾಚಾ ಅಂಗೈ ಊರಿದರು. ಮಂಡಿ ಸೆಳೆದಿರಬೇಕು, ಅರ್ಧಕ್ಕೆ ನಿಂತು ಉಸಿರೆಳೆದುಕೊಂಡು, ಪೂರ್ತಿ ಎದ್ದು ಬಟ್ಟೆ ಕೊಡವಿಕೊಂಡರು. ಹಿಂದೆಯೇ ಇಡೀ ರಸ್ತೆ ಎದ್ದಿತು. ಯಾರಿಗೂ ಒಂದು ಪೆಟ್ಟೂ ಬೀಳಲಿಲ್ಲ.

ಕ್ಯಾಮೆರಾ ಆಗಲೇ ನನ್ನನ್ನು ಬಿಟ್ಟು ಅವರ ಮೇಲೆ ನಿಂತಿತ್ತು. ಚಾಚಾ ರಸ್ತೆ ದಾಟಿ, ಬಿಟ್ಟಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುವವರೆಗೂ ಪೇದೆ ಅದನ್ನು ಇಳಿಸಲಿಲ್ಲ. ಆಮೇಲೆ ನನ್ನ ಹತ್ತಿರ ಬಂದ. ನನ್ನ ಹೆಸರು ಕೇಳುತ್ತಾನೆಂದುಕೊಂಡೆ.

"ಆ ಸಾಬ್ರ ಮನೆ ಯಾವ ಬೀದೀಲಿ ಬರ್ತದೆ?" ಎಂದು ಕೇಳಿದ.