ಮಿಕ್ಕಿದ ಕಾರ್ಡಿನ ರಾಹೇಲಮ್ಮ

ಬೆನ್ಸನ್ ಟೌನಿನ ಆ ಪುಟ್ಟ ಚರ್ಚಿನಲ್ಲಿ ಹೊಸ ವರ್ಷದ ಬೆಳಗ್ಗೆ ದೇವರ ವಾಗ್ದಾನ ಬರೆದ ಕಾರ್ಡುಗಳ ತಟ್ಟೆ ಬಂದರೆ, ಎಲ್ಲರಿಗಿಂತ ಕೊನೆಗೆ ಕೈಹಾಕುವವರು ರಾಹೇಲಮ್ಮ. ಆರೋಗ್ಯ, ಸಮೃದ್ಧಿ ಎಂದಿರುವ ಕಾರ್ಡು ಸಿಕ್ಕವರು ಕಣ್ಣಿಗೊತ್ತಿಕೊಳ್ಳುತ್ತಾರೆ. ‘ಎದ್ದು ಹೊರಡು’ ಎಂಬಂಥದ್ದು ಸಿಕ್ಕವರು ಮೆಲ್ಲಗೆ ವಾಪಸ್ ಹಾಕಿ ಇನ್ನೊಂದು ಎತ್ತುತ್ತಾರೆ. ಹಾಗೆ ಮಿಕ್ಕಿದ್ದು ರಾಹೇಲಮ್ಮನ ಪಾಲು. “ನಮಗೆ ಬೇಡ ಅಂದ್ರೆ ಕರ್ತರು ಮಾತು ಬದಲಾಯಿಸ್ತಾರಾ?” ಎನ್ನುತ್ತಾ ಪರ್ಸಿಗೆ ಸೇರಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ‘ಹೊರಡು’ ಎಂದು ಬಂದಾಗ, ಎಲ್ಲಿಗೆ ಅಂತ ಬರೆದಿಲ್ಲವಲ್ಲ ಎಂದು ಶಿವಾಜಿನಗರ ಬಸ್ ಸ್ಟ್ಯಾಂಡಿಗೆ ಹೋಗಿ ಮೊದಲು ಕಂಡ ಬಸ್ಸನ್ನೇ ಹತ್ತಿಬಿಟ್ಟರು! ಕಂಡಕ್ಟರ್ “ಎಲ್ಲಿಗಮ್ಮಾ?” ಎಂದರೆ, “ನೀವು ಎಲ್ಲಿಗೆ ಹೋಗ್ತೀರೋ ಅಲ್ಲಿಗೆ.” ಕೆ.ಆರ್. ಪುರದಲ್ಲಿ ಇಳಿದಾಗ ಎದುರಿಗಿದ್ದದ್ದು, ಮನಸ್ಸು ಕೆಟ್ಟು ಬೀದಿಪಾಲಾದ ಹೆಂಗಸರ ಆಶ್ರಮ. ಅಂದಿನಿಂದ ಪ್ರತಿ ಗುರುವಾರ ಬಾಚಣಿಗೆ, ಕೊಬ್ಬರಿ ಎಣ್ಣೆ ಹಿಡಿದು ಹೊರಡುತ್ತಾರೆ. ಅಲ್ಲಿ ಒಬ್ಬಾಕೆ ಉಗಿಯುತ್ತಾಳೆ, ಇನ್ನೊಬ್ಬಾಕೆ ಜುಟ್ಟು ಹಿಡಿದು ಎಳೆಯುತ್ತಾಳೆ. ಇವರು ಹೇನು ತೆಗೆದು, ಜಡೆ ಹೆಣೆದು, ಬೈಸಿಕೊಂಡು ಬರುತ್ತಾರೆ. ಅವರಿಗೆ ನಾಲ್ಕು ದೇವರ ಮಾತು ಹೇಳಬಾರದೇ ಎಂದು ಚರ್ಚಿನವರು ಕೇಳಿದರೆ, “ಅದು ಪಾಸ್ಟರಯ್ಯನವರ ಕೆಲಸ, ನಂದು ಸಿಕ್ಕು ಬಿಡಿಸೋದು.” ಹೋದ ವಾರ ಜೊತೆಗೆ ಬಂದಿದ್ದ ಪಕ್ಕದ ಮನೆಯ ಶೀಬಾ, ಆಶ್ರಮದ ಗೇಟಿಗೆ ಚಾಚಿದ ಕೈಯನ್ನು ಅವರು ಎರಡು ಸಲ ಹಿಂದಕ್ಕೆಳೆದುಕೊಂಡದ್ದನ್ನು ಕಂಡಳು. “ಆಂಟೀ, ಇಷ್ಟು ವರ್ಷ ಆದ್ಮೇಲೂ ಭಯಾನಾ?” “ಪ್ರತಿ ವಾರನೂ ಆಗ್ತದಮ್ಮಾ.” ರಾಹೇಲಮ್ಮ ಪರ್ಸು ತೆರೆದು, ಅಕ್ಷರವೆಲ್ಲ ಮಾಸಿಹೋದ ಆ ‘ಹೊರಡು’ ಕಾರ್ಡನ್ನು ಒಮ್ಮೆ ಮುಟ್ಟಿದರು. “ಭಯ ಇಲ್ದೇ ಇದ್ದಿದ್ರೆ ಇದು ಯಾಕೆ ಬೇಕಿತ್ತು?” ಎಂದು ಅದೇ ಕೈಯಲ್ಲಿ ಗೇಟು ತಳ್ಳಿದರು.