ಅಜ್ಜಿಯ ಎದೆಯೊಳಗಿನ ದ್ರಾಕ್ಷಿ ತೋಟ

ಬೆಂಗಳೂರಿನ ಉತ್ತರಕ್ಕೆ, ಚಿಕ್ಕಜಾಲದಿಂದ ಒಳಕ್ಕೆ ತಿರುಗಿದರೆ ಮನೆಗಳಿಗಿಂತ ದ್ರಾಕ್ಷಿ ಚಪ್ಪರಗಳೇ ಹೆಚ್ಚು ಕಾಣುತ್ತಿದ್ದ ಕಾಲವದು. ಚಳಿ ಬಂತೆಂದರೆ ಊರಿಗೆ ಊರೇ ಅವರೆಕಾಯಿಯ ಸೊಗಡು ಹೊದ್ದು ಕೂರುತ್ತಿತ್ತು. ನೆನೆಸಿದ ಅವರೆಕಾಳನ್ನು ಹಿತುಕಿ ಎದುರಿನವರ ಹಣೆಗೆ ಚಿಮ್ಮಿಸುವುದು ನಮ್ಮ ಜಗುಲಿಯ ಅಧಿಕೃತ ಕ್ರೀಡೆ. ಅದರಲ್ಲಿ ಅಜ್ಜಿಯ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ನಾನಾಗ ಏಳನೇ ಕ್ಲಾಸು, ಮನೆಯ ಚಿತ್ರಕಲಾ ಇಲಾಖೆಯ ಏಕೈಕ ಅಧಿಕಾರಿ. ಬಾಗಿಲ ಮುಂದಿನ ರಂಗೋಲಿಯಿಂದ ಹಿಡಿದು ಪಂಪ್‌ಸೆಟ್ಟಿನ ಗೋಡೆಯ ಮೇಲಿನ ಹೂವಿನವರೆಗೆ ಎಲ್ಲವೂ ನನ್ನ ಆಡಳಿತಕ್ಕೆ ಸೇರಿದ್ದವು.

ಆ ವರ್ಷದ ಅವರೆಕಾಲದಲ್ಲಿ ಅಜ್ಜಿಗೆ ಎದೆನೋವು ಬಂತು. ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗೋಡೆಯ ಮೇಲಿದ್ದ ಹೃದಯದ ಬಣ್ಣದ ಚಿತ್ರಕ್ಕೆ ಪೆನ್ನು ತಾಗಿಸಿ, ಎಲ್ಲೆಲ್ಲಿ ರಕ್ತನಾಳ ಕಟ್ಟಿದೆ, ಆಪರೇಷನ್ ಯಾಕೆ ಬೇಕು ಎಂದೆಲ್ಲ ಹೇಳಿದರು. ಅಜ್ಜಿ ಚಿತ್ರವನ್ನೇ ದಿಟ್ಟಿಸುತ್ತ ಗೌರವದಿಂದ ತಲೆಯಾಡಿಸಿದಳು. ಮನೆಗೆ ಬಂದವಳೇ ಆಪರೇಷನ್ ಬೇಡವೆಂದಳು. ಕಾರಣ ಹೇಳಲಿಲ್ಲ.

ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಅಮ್ಮನನ್ನು ಕೂರಿಸಿಕೊಂಡು, ಯಾವ ಮಡಕೆಯ ಬೂದಿಯಲ್ಲಿ ಯಾವ ಬಿತ್ತನೆ ಬೀಜವಿದೆ, ಯಾವ ಹಸು ಯಾರಿಗೆ ಒದೆಯುತ್ತದೆ ಎಂದು ನಿಧಾನವಾಗಿ ವಿವರಿಸತೊಡಗಿದಳು. ಅಮ್ಮ ಹೂಂ ಅನ್ನುತ್ತ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. ಹಿತುಕಿದಬೇಳೆ ಸಾರು ಪಾತ್ರೆಯಲ್ಲೇ ತಣ್ಣಗಾಗುತ್ತಿತ್ತು. ಆ ಮನೆಯಲ್ಲಿ ಆ ಸಾರು ಉಳಿದದ್ದು ಅದೇ ಮೊದಲು. ಆಪರೇಷನ್ ಬೇಗ ಆಗಬೇಕೆಂದು ಡಾಕ್ಟರಮ್ಮ ಹೇಳಿದ್ದರಿಂದ, ಅಜ್ಜಿ ಮೆಟ್ಟಿಲು ಹತ್ತುವಾಗಲೆಲ್ಲ ನಾವು ಉಸಿರು ಹಿಡಿದು ನಿಲ್ಲುತ್ತಿದ್ದೆವು.

ಊರ ಪಂಚಾಯ್ತಿಯಲ್ಲಿ ಯಾರ ಬಾಯನ್ನಾದರೂ ಮುಚ್ಚಿಸಬಲ್ಲ ಅಪ್ಪ, ತಾಯಿಯೆದುರು ಸೋತು ನನ್ನ ಚಿತ್ರಕಲಾ ಇಲಾಖೆಯ ಮೊರೆಹೊಕ್ಕ. "ನೀನು ಚಿತ್ರ ಬರೀತೀಯಲ್ಲ ಅಮ್ಮಣ್ಣಿ. ಅವ್ವಂಗೆ ತಿಳಿಯೋ ಅಂಗೆ ಒಸಿ ಯೋಳು."

ನಾನು ವಿಜ್ಞಾನದ ಪುಸ್ತಕ ತೆರೆದು ಹೃದಯದ ಚಿತ್ರ ತೋರಿಸಿದೆ. ಅಜ್ಜಿಯ ಮುಖ ಕಂದಿತು.

"ನಂದು ಆಗ್ಲೇ ಪುಸ್ತಕಕ್ಕೂ ಆಕ್ಬುಟ್ಟವ್ರಾ?"

ಆಗ ಕಾರಣ ಹೊರಬಂತು. ಆಸ್ಪತ್ರೆಯ ಚಿತ್ರದಂತೆ ಇದರಲ್ಲೂ ಅರ್ಧ ಹೃದಯ ಕೆಂಪು, ಅರ್ಧ ನೀಲಿ. ಹಿಂದೆ ಅವಳ ತಮ್ಮನಿಗೆ ತೋಟದಲ್ಲಿ ಹಾವು ಕಚ್ಚಿತ್ತಂತೆ. ಕಾಲು ನೀಲಿಗೆ ತಿರುಗಿತು, ಹುಡುಗ ಉಳಿಯಲಿಲ್ಲ. "ಅರ್ಧ ನೀಲಿಯಾದ್ಮೇಲೆ ಕುಯ್ದು ಏನ್ ಮಾಡ್ತಾರೆ ಮಗಾ?" ಎಂದಳು. ಎಲ್ಲರ ಹೃದಯವನ್ನೂ ಹಾಗೇ ಬರೆಯುತ್ತಾರೆಂದು ನಾನು ವಾದಿಸಿದೆ. ಸಾಯುವವರಿಗೆ ಹೇಳುವ ಸಮಾಧಾನದ ಮಾತೆಂದು ಅವಳು ನನ್ನ ತಲೆ ನೇವರಿಸಿದಳು.

ನೀಲಿ ಸ್ಕೆಚ್‌ಪೆನ್ನನ್ನು ಡಬ್ಬಿಯಿಂದಲೇ ಗಡಿಪಾರು ಮಾಡಿದೆ. ಡ್ರಾಯಿಂಗ್ ಹಾಳೆಯಲ್ಲಿ ಕಂದು ಬಣ್ಣದಿಂದ ನಮ್ಮ ದ್ರಾಕ್ಷಿ ತೋಟ ಬರೆದೆ: ಮೋಟರು, ದೊಡ್ಡ ಪೈಪು, ನೀರು ಬಿಟ್ಟು ನಿಲ್ಲಿಸುವ ಗೇಟ್‌ವಾಲು, ಸಾಲುಸಾಲಿಗೂ ಹರಿಯುವ ಹನಿ ನೀರಾವರಿಯ ಸಣ್ಣ ಪೈಪು. ಹೃದಯವೆಂದರೆ ಈ ಮೋಟರು, ಅದರ ಮೈಗೇ ನೀರುಣಿಸುವ ಸಣ್ಣ ಪೈಪುಗಳಲ್ಲಿ ಕಸ ಕಟ್ಟಿದೆ ಎಂದೆ. ಅಜ್ಜಿ ಮೊದಲ ಸಲ ಮುಂದಕ್ಕೆ ಬಾಗಿದಳು.

"ಗೇಟ್‌ವಾಲು ಇಲ್ಲಲ್ಲ ಕಣಮ್ಮಿ, ಬೇವಿನ ಮರದ ತಾವ."

ಹೃದಯಕ್ಕೆ ಒಂದು ಬೇವಿನ ಮರ ಸೇರಿತು. ಅವಳು ಮೋಟರಿನ ಮೇಲೆ ಬೆರಳಿಟ್ಟು, ಮೆಲ್ಲಗೆ ಕೇಳಿದಳು: "ಪೈಪ್ ಜೋಡಿಸ್ಬೇಕಾದ್ರೆ ಮೋಟ್ರು ನಿಲ್ಲಿಸ್ತಾರಾ?"

ನನಗೆ ಗೊತ್ತಿರಲಿಲ್ಲ. ನಮ್ಮ ಮೋಟರು ಒಮ್ಮೆ ನಿಂತರೆ ಮತ್ತೆ ನೀರೆತ್ತುವುದು ಅದರ ಚಿತ್ತ, ಕರೆಂಟಿನ ಚಿತ್ತ. ಬಿಂದಿಗೆಗಟ್ಟಲೆ ನೀರು ಹೊಯ್ದು, ಕೈಮುಗಿದು ಕಾಯಬೇಕಿತ್ತು. ಅದು ಗೊತ್ತಿದ್ದೂ ಆ ಚಿತ್ರ ಬರೆದಿದ್ದೆ. ಒಂದು ಭಯ ಹೋಗಲಾಡಿಸಲು ಹೋಗಿ ಇನ್ನೊಂದನ್ನು ಮನೆಗೆ ಕರೆತಂದಿದ್ದೆ, ಈ ಸಲದ ಭಯದಲ್ಲಿ ನನಗೂ ಪಾಲಿತ್ತು.

ಹಾಳೆ ಸುರುಳಿ ಸುತ್ತಿಕೊಂಡು ಅಜ್ಜಿ, ಅಪ್ಪ, ನಾನು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಚಿತ್ರ ನೋಡಿ, ಈ ಮರ ಯಾವುದೆಂದು ಕೇಳಿದರು. ಬೇವು ಎಂದೆ. ವೈದ್ಯಶಾಸ್ತ್ರಕ್ಕೆ ಆಕ್ಷೇಪವಿಲ್ಲವೆಂಬಂತೆ ಒಪ್ಪಿ, ಕಸ ಕಟ್ಟಿದ ಜಾಗವನ್ನು ಬಳಸಿಕೊಂಡು ಹೋಗುವ ಹೊಸ ಪೈಪೊಂದನ್ನು ತಮ್ಮ ಪೆನ್ನಿನಿಂದ ಎಳೆದರು. ಅದಕ್ಕೆ ಬೇಕಾದ ರಕ್ತನಾಳವನ್ನು ಅಜ್ಜಿಯ ಕಾಲಿನಿಂದಲೇ ತೆಗೆಯುತ್ತಾರಂತೆ. ಹೌದು, ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಹೊರಗಿನ ಯಂತ್ರ ಅದರ ಕೆಲಸ ಮಾಡುತ್ತದೆ. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡ.

"ಕರೆಂಟು ಓಗ್ಬುಟ್ರೆ?" ಎಂದಳು ಅಜ್ಜಿ.

"ಜನರೇಟರ್ ಇದೆ ಅಜ್ಜಿ, ತಾನೇ ಆನ್ ಆಗುತ್ತೆ."

"ಆಗ್ದಿದ್ರೆ?"

ಡಾಕ್ಟರಮ್ಮ ನಗಲಿಲ್ಲ. "ಆ ಮಿಷನ್ನಿಗೆ ಕೈಯಲ್ಲಿ ತಿರುಗಿಸೋ ಹಿಡಿ ಇದೆ. ನಮ್ಮೋರೊಬ್ರು ಪಕ್ಕದಲ್ಲೇ ಕೂತಿರ್ತಾರೆ, ತಿರುಗಿಸ್ತಾರೆ."

ಅಜ್ಜಿ ಒಪ್ಪಿಕೊಂಡದ್ದು ಜನರೇಟರಿಗಲ್ಲ, ಪಕ್ಕದಲ್ಲಿ ಕೂರುವ ಆ ಮನುಷ್ಯನಿಗೆ.

ಆಪರೇಷನ್ನಿನ ದಿನ ನಾನು ಕಾರಿಡಾರಿನ ಟ್ಯೂಬ್‌ಲೈಟಿನಿಂದ ಕಣ್ಣು ತೆಗೆಯಲಿಲ್ಲ. ಅದನ್ನು ಉರಿಸುತ್ತಿರುವುದೇ ನನ್ನ ನೋಟ ಎಂಬಷ್ಟು ಶ್ರದ್ಧೆ. ಮಧ್ಯಾಹ್ನ ಅದು ಆರಿತು. ಅಪ್ಪ ಎದ್ದು ನಿಂತ. ಎಲ್ಲಿಗೆ ಹೋಗಬೇಕೆಂದು ಅವನಿಗೂ ತಿಳಿಯದು. ಕೆಳಗೆಲ್ಲೋ ಜನರೇಟರ್ ಗುಡುಗಿತು, ದೀಪ ಹತ್ತಿತು. ಅಪ್ಪ ಕೂರಲಿಲ್ಲ, ಡಾಕ್ಟರಮ್ಮ ಹೊರಬಂದು ಎಲ್ಲ ಸರಿಹೋಯಿತು ಎನ್ನುವವರೆಗೂ.

ಕಣ್ಣುಬಿಟ್ಟ ಅಜ್ಜಿ ಮಾತು ಬಂದೊಡನೆ ಕೇಳಿದ್ದು ಒಂದೇ: "ಕರೆಂಟು ಓಗಿತ್ತಾ?"

"ಇಲ್ಲ ಕಣವ್ವಾ," ಎಂದ ಅಪ್ಪ. ಅವಳು ನಂಬಲಿಲ್ಲ.

ಆಮೇಲೂ ಹಲವು ಚಳಿಗಾಲ ಅವಳ ಅವರೆಕಾಳು ನನ್ನ ಹಣೆಗೆ ಬಡಿಯಿತು. ಈಗ ತೋಟದ ಜಾಗದಲ್ಲಿ ಸೈಟುಗಳಾಗಿವೆ. ಬೇವಿನ ಮರದ ಜಾಗ ಯಾವುದೆಂದು ಅಪ್ಪನಿಗೇ ಗೊಂದಲ. ಚಿತ್ರ ಬರೆದು ಕಷ್ಟದ ಸಂಗತಿಗಳನ್ನು ತಿಳಿಸಿಕೊಡುವುದೇ ನನ್ನ ಹೊಟ್ಟೆಪಾಡು, ಆಫೀಸು ಹೆಬ್ಬಾಳದಲ್ಲೇ. ಕಂಪ್ಯೂಟರಿನಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ನೀಲಿಗಳಿವೆ. ನನ್ನ ಚಿತ್ರಗಳನ್ನು ಜನ ಒಮ್ಮೆ ನೋಡಿ, ಅರ್ಥವಾಯಿತು, ಚೆನ್ನಾಗಿದೆ ಎಂದು ಎದ್ದುಹೋಗುತ್ತಾರೆ. ಗೇಟ್‌ವಾಲು ಅಲ್ಲಲ್ಲ ಎಂದು ಬೆರಳಿಡುವವರಿಲ್ಲ. ಅವರು ಹೋದ ಮೇಲೆ ಆ ಚಿತ್ರವನ್ನು ಮತ್ತೆ ತೆರೆಯುತ್ತೇನೆ. ಪರದೆಯ ಮುಂದೆ ಕೂತು ಅಜ್ಜಿಯ ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ, ಕರೆಂಟು ಓಗ್ಬುಟ್ರೆ, ಎಂದು.