ಕೈಗವಸು ಹಾಕದ ಮಾವ

ನನ್ನ ಮಾವನಿಗೆ ಬೀದಿಯಲ್ಲಿ ತಗಡು ಮೇಷ್ಟ್ರು ಎಂದೇ ಹೆಸರು. ನಲವತ್ತು ವರ್ಷದಿಂದ ನೆಗ್ಗಿದ ಗಾಡಿಗಳನ್ನು ಬಡಿದು ಸರಿಮಾಡುತ್ತಿದ್ದಾರೆ. ಬಲಗಿವಿ ಪೂರಾ ಹೋಗಿದೆ. ಬೇಡದ ಮಾತಿಗೆ ಆ ಕಿವಿಯನ್ನೇ ತಿರುಗಿಸುತ್ತಾರೆ. ಮದುವೆಯಾದ ಮೂರು ವರ್ಷದಲ್ಲಿ ನನ್ನ ಮಾತೆಲ್ಲ ಹೆಚ್ಚುಕಡಿಮೆ ಅದಕ್ಕೇ ಬಿದ್ದಿದೆ.

ಶೆಡ್ಡು ನಮ್ಮ ಮನೆಯ ಕೆಳಗೇ. ಈ ಸಲ ಬಂದದ್ದು ಅರವತ್ತು ವರ್ಷ ಹಳೆಯ ಪಿಕಪ್ ಗಾಡಿ. ಬಾಗಿಲು, ಮಡ್‌ಗಾರ್ಡು, ಮೈಯೆಲ್ಲ ನೆಗ್ಗು. ಮಾವ ಒಳಗಿನಿಂದ ಕಬ್ಬಿಣದ ಗಟ್ಟಿ ಆನಿಸಿ, ಹೊರಗಿನಿಂದ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ಸಿಗುತ್ತದಂತೆ. ಅದಕ್ಕೇ ಕೈಗವಸು ಹಾಕುವುದಿಲ್ಲ.

ಒಂದು ದಿನ ಬಾಗಿಲಿನ ಅಂಚಿನಲ್ಲಿ ಬೂದುಬಣ್ಣದ ಮೆತ್ತನೆಯ ಲೋಹವನ್ನು ಅರದಿಂದ ಉಜ್ಜುತ್ತಿದ್ದರು. ಅದೇನೆಂದು ಕೇಳಿದೆ.

"ಸೀಸ. ಆಗಿನೋರು ಪುಟ್ಟಿ ಮೆತ್ತುತಿರ್ಲಿಲ್ಲ, ಸೀಸ ಕರಗಿಸಿ ತುಂಬೋರು."

ಮೂರು ವಾರದಿಂದ ಇದೇ ಕೆಲಸ. ಆ ಪುಡಿ ಪ್ಯಾಂಟಿನ ಮೇಲೆ, ಮೀಸೆಯ ಮೇಲೆ. ಅದೇ ಕೈಯನ್ನು ಪ್ಯಾಂಟಿಗೆ ಒರೆಸಿ, ಮೇಲೆ ಬಂದು, ಹತ್ತು ತಿಂಗಳ ನನ್ನ ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಆವತ್ತೂ ಎತ್ತಿಕೊಂಡರು. ಅವಳು ಅವರ ಹೆಬ್ಬೆರಳು ಬಾಯಿಗಿಟ್ಟಳು. ಅವಳನ್ನು ಕಿತ್ತುಕೊಂಡೆ. ಮಗು ಚೀರಿತು.

"ಮಾವ, ಅದು ವಿಷ! ಮಿದುಳಿಗೇ ಹೋಗತ್ತೆ!"

"ನಿನ್ ಗಂಡನ್ನ ಇದೇ ಕೈಯಲ್ಲಿ ಸಾಕಿದೀನಿ. ಅವನ ಮಿದುಳಿಗೆ ಏನಾಗಿದೆ?"

"ಕೇಳ್ಬೇಡಿ, ಉತ್ತರ ನಿಮಗೆ ಹಿಡಿಸಲ್ಲ."

ಊಟಕ್ಕೆ ಕೂತಿದ್ದ ಗಂಡ ಇನ್ನೊಂದು ಸೌಟು ಸಾರು ಹಾಕಿಕೊಂಡರು.

"ಓದಿದೋಳು ನೋಡು! ಮೂರು ಹೊತ್ತೂ ಫೋನಲ್ಲಿ ರೋಗ ಹುಡುಕೋದು," ಎಂದರು ಮಾವ.

ಮರುದಿನವೇ ಮಗುವಿನ ರಕ್ತ ಪರೀಕ್ಷೆ ಮಾಡಿಸಿದೆ. ಸೀಸ ಇತ್ತು. ಮಿತಿಗಿಂತ ಸ್ವಲ್ಪ ಹೆಚ್ಚು; ಪುಡಿಯಿಂದ ದೂರ ಇಟ್ಟರೆ ಇಳಿಯುತ್ತದೆ ಎಂದರು ಡಾಕ್ಟರು. ಆ 'ಸ್ವಲ್ಪ' ನನ್ನ ನಿದ್ದೆ ತಿಂದಿತು. ವರದಿ ಹಿಡಿದು ಶೆಡ್ಡಿಗೆ ಇಳಿದೆ. ಮಾವ ಕನ್ನಡಕ ಇಲ್ಲವೆಂದರು. ಎಡಗಿವಿಯ ಪಕ್ಕ ನಿಂತು ಗಟ್ಟಿಯಾಗಿ ಓದಿದೆ.

ಸುತ್ತಿಗೆ ನಿಂತಿತು. "ಆಯ್ತು. ಇನ್ನು ನಿನ್ ಮನೆ ಹೊಸಿಲು ತುಳಿಯಲ್ಲ. ಸಂತೋಷಾನಾ?"

"ಸಂತೋಷ," ಎಂದೆ.

ಅಂದಿನಿಂದ ಅವರ ಊಟ, ನಿದ್ದೆ ಎಲ್ಲ ಶೆಡ್ಡಿನಲ್ಲೇ. ಗಂಡ ನನ್ನೊಡನೆ ಮಾತು ಬಿಟ್ಟಿದ್ದಾರೆ.

ನಿನ್ನೆ ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನಿಂದ ಒಂದೇ ಸಮನೆ ಬೈಗುಳ. ಓಡಿದೆ. ಮಗು ಅಂಬೆಗಾಲಿಟ್ಟು ಶೆಡ್ಡಿಗಿಳಿಯುವ ಮೆಟ್ಟಿಲ ತುದಿಗೆ ಬಂದಿತ್ತು. ಮಾವ ಮೇಲಿನ ಮೆಟ್ಟಿಲಿಗೆ ಅಡ್ಡ ಕೂತು, ಬೆನ್ನಿನಿಂದಲೇ ಅದನ್ನು ತಡೆದು, ಎರಡೂ ಕೈ ಅದಕ್ಕೆ ತಾಗದಂತೆ ಮುಂದಕ್ಕೆ ಚಾಚಿದ್ದರು.

"ಏ ಓದಿದೋಳೇ! ಮಗೂನ ಬಿಟ್ಟು ಎಲ್ಲಿ ಸತ್ತಿದ್ದೆ? ಮುಟ್ಟಬಾರದು ನಾನು, ಬೇಗ ಬಾ!"

ಎತ್ತಿಕೊಂಡೆ. ಮಗುವಿನ ಮುಷ್ಟಿಯಲ್ಲಿ ಅವರ ಅಂಗಿ ಸಿಕ್ಕಿಕೊಂಡಿತ್ತು. ಬೆರಳು ಬಿಡಿಸಿದೆ.

"ಕೈ ತೊಳಿ ಅದರದ್ದು," ಎಂದು ತಿರುಗಿಯೂ ನೋಡದೆ ಇಳಿದುಹೋದರು.

ತೊಳೆದೆ, ಮೂರು ಸಲ.